ಪರಮಗೀತಕ್ಕೆ ಎರಡು ಬಣ್ಣದ ಪೆನ್ನು

ಬೈಬಲ್ಲಿನ ಪ್ರೇಮಗೀತೆಗಳ ಪುಸ್ತಕ ಪರಮಗೀತವನ್ನ ಕೂತ್ಕೊಂಡು ಓದೋಕೆ ಶುರು ಮಾಡಿದಾಗ ನನಗಿದ್ದ ದೊಡ್ಡ ತಲೆನೋವು ಒಂದೇ, ಇಲ್ಲಿ ಮಾತಾಡ್ತಿರೋದು ಅವನಾ ಅವಳಾ, ಅಂದ್ರೆ ಪ್ರಿಯಕರನಾ ಪ್ರಿಯತಮೆಯಾ? "ನಿನ್ನ ಪ್ರೀತಿ ದ್ರಾಕ್ಷಾರಸಕ್ಕಿಂತ ಮೇಲು" ಅಂತ 1:2ರಲ್ಲಿ (ಒಂದನೇ ಅಧ್ಯಾಯ, ಎರಡನೇ ವಚನ) ಇದೆ, ಹೆಚ್ಚುಕಮ್ಮಿ ಅದೇ ಮಾತು ಮತ್ತೆ 4:10ರಲ್ಲಿ ಬರುತ್ತೆ, ಕನ್ನಡದ "ನೀನು" ಗಂಡಿಗೂ ಹೆಣ್ಣಿಗೂ ಒಂದೇ ಆಗಿರೋದ್ರಿಂದ ಎರಡೂ ಒಬ್ಬರೇ ಹೇಳಿದ್ದು ಅಂದ್ಕೊಂಡು ಎಷ್ಟೋ ವರ್ಷ ಓದಿದೀನಿ. ಆಮೇಲೆ ಅದರ ಮೂಲ ಭಾಷೆ ಹೀಬ್ರೂನ ಅಕ್ಷರಮಾಲೆಯಿಂದ ಹಿಡಿದು ಕಲಿಯೋಕೆ ಕೂತೆ. ಅದರಲ್ಲಿ "ನಿನ್ನ" ಅನ್ನೋದೇ ಎರಡು ಥರ. ಮೊದಲನೇದು "ದೋದೇಖಾ", ಅವಳು ಅವನಿಗೆ ಹೇಳಿದ್ದು. ಎರಡನೇದು "ದೋದಾಯಿಖ್", ಅವನು ಅವಳಿಗೆ ವಾಪಸ್ ಹೇಳಿದ್ದು. ಅಂದ್ರೆ ಅವಳ ಮಾತನ್ನೇ ತಿರುಗಿಸಿ ಅವಳಿಗೇ ಕೊಡ್ತಿದಾನೆ! ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಪ್ರಿಂಟ್ ತೆಗೆದು ಎರಡು ಪೆನ್ನು ಹಿಡಿದೆ, ಅವಳದ್ದಕ್ಕೆ ಕೆಂಪು, ಅವನದ್ದಕ್ಕೆ ನೀಲಿ. ಎಂಟು ಅಧ್ಯಾಯ, 117 ವಚನ. ಮುಗಿಸಿ ನೋಡಿದ್ರೆ ಕೆಂಪೇ ಜಾಸ್ತಿ. ಮೊದಲ ಮಾತೂ ಅವಳದ್ದು, ಕೊನೇದೂ ಅವಳದ್ದೇ.

ಆದ್ರೆ ಒಂದು ಎಡವಟ್ಟಾಯ್ತು. ಹೀಬ್ರೂ ಬರವಣಿಗೆಯಲ್ಲಿ ಮೂಲತಃ ವ್ಯಂಜನಗಳೇ ಮುಖ್ಯ, ಸ್ವರಗಳ ಚುಕ್ಕಿಗಳನ್ನ ಮಸೊರೇತರು ಅನ್ನೋ ಯೆಹೂದಿ ಪಂಡಿತರು ಶತಮಾನಗಳಾದ ಮೇಲೆ ಹಾಕಿದ್ದು (ತಾವು ಕೇಳ್ಕೊಂಡು ಬಂದ ಓದಿನ ಪ್ರಕಾರಾನೇ ಹಾಕಿದ್ದು, ಅದೂ ನಿಜ). ಚುಕ್ಕಿ ತೆಗೆದ್ರೆ ದೋದೇಖಾ, ದೋದಾಯಿಖ್ ಎರಡೂ ಅವೇ ನಾಲ್ಕು ಅಕ್ಷರ! ಹಳೇ ಗ್ರೀಕ್ ಅನುವಾದದಲ್ಲಂತೂ ಅದನ್ನ "ಪ್ರೀತಿ" ಅಂತಾನೂ ಓದಿಲ್ಲ, "ನಿನ್ನ ಸ್ತನಗಳು" ಅಂತ ಓದಿದಾರೆ. ಹಾಗಾದ್ರೆ ನನ್ನ ಕೆಂಪು ನೀಲಿ ನಿಂತಿರೋದು ಚುಕ್ಕಿಗಳ ಮೇಲಾ ಅಂತ ಮತ್ತೆ ಮೊದಲಿಂದ ನೋಡಿದೆ. 4:10ರಲ್ಲಿ ಅದೇ ಸಾಲಲ್ಲಿ "ನನ್ನ ತಂಗಿ, ವಧು" ಅಂತ ಕರೀತಾನೆ, ಅಲ್ಲಿ ಡೌಟೇ ಇಲ್ಲ. (ತಂಗಿ ಅಂದ ತಕ್ಷಣ ನಮಗೆ ಮುಜುಗರ ಆಗುತ್ತೆ, ಆದ್ರೆ ಹಳೇ ಈಜಿಪ್ಟಿನ ಪ್ರೇಮಗೀತೆಗಳಲ್ಲೂ ಪ್ರಿಯತಮೆಯನ್ನ ಹಾಗೇ ಕರೀತಾರೆ.) 1:2ಕ್ಕೆ ಮುಂದಿನ ಸಾಲು ಕೈ ಹಿಡೀತು, "ಅದಕ್ಕೇ ಹುಡುಗೀರು ನಿನ್ನನ್ನ ಪ್ರೀತಿಸ್ತಾರೆ" ಅಂತಿದೆ, ಅಂದ್ರೆ ಆ "ನೀನು" ಅವನೇ. ಅಲ್ಲಿಂದ ಒಂದು ರೂಲ್ ಮಾಡ್ಕೊಂಡೆ: ಚುಕ್ಕಿ ಹೇಳಿದ್ದನ್ನ ಪಕ್ಕದ ಸಾಲೂ ಹೇಳಿದ್ರೆ ಪೆನ್ನು, ಇಲ್ಲಾಂದ್ರೆ ಪೆನ್ಸಿಲ್.

ಲಿಂಗ ನೋಡಿದ್ರೆ ಎಲ್ಲ ಬಗೆಹರಿಯುತ್ತೆ ಅಂತಲ್ಲ. 2:7ರಲ್ಲಿ "ಯೆರೂಸಲೇಮಿನ ಹೆಣ್ಣುಮಕ್ಕಳೇ" ಅಂತ ಕರೆದು, ಅವರಿಗೆ ಆಣೆ ಹಾಕುವಾಗ ಗಂಡಸರಿಗೆ ಬಳಸೋ "ಎತ್‌ಖೆಮ್" ಬಳಸಿದೆ. ವ್ಯಾಕರಣದ ಪ್ರಕಾರ ತಪ್ಪು, ಹಾಡಿಗೇನೂ ತೊಂದ್ರೆ ಆಗಿಲ್ಲ.

ನಮ್ಮ ಓದೋ ಗುಂಪಿನ ಹಿರಿಯರೊಬ್ಬರು, "ಇದು ಕ್ರಿಸ್ತ ಮತ್ತು ಸಭೆಯ ಬಗ್ಗೆ ಕಣಪ್ಪಾ, ನೀನ್ಯಾಕೆ ಹುಡುಗ ಹುಡುಗಿ ಅಂತ ಬಣ್ಣ ಬಳೀತಿದೀಯ" ಅಂದ್ರು. ಸಭೆ ಅಂದ್ರೆ ಇಲ್ಲಿ ಚರ್ಚು. ಆ ಓದಿಗೂ ದೊಡ್ಡ ಪರಂಪರೆ ಇದೆ, ಒರಿಗನ್‌ನಂಥ ಹಳೇ ಕ್ರೈಸ್ತ ಪಂಡಿತರ ಕಾಲದಿಂದಲೂ. ಯೆಹೂದಿಗಳಲ್ಲಿ ರಬ್ಬಿ (ಧರ್ಮಗುರು) ಅಕೀವ ಈ ಪುಸ್ತಕಾನ ಪರಮಪವಿತ್ರ ಅಂದ್ರು. ನಾನಂದೆ, "ಅಣ್ಣಾ, ಅರ್ಥ ನೀವು ಏನೇ ಹೇಳಿ, ಮೊದಲು ಯಾರು ಯಾರಿಗೆ ಹೇಳ್ತಿದಾರೆ ಅನ್ನೋದು ಸರಿಯಾಗಿರ್ಲಿ." 8:5 ತೋರಿಸಿದೆ, ಮರದ ಕೆಳಗೆ "ನಿನ್ನನ್ನ ಎಬ್ಬಿಸಿದೆ" ಅನ್ನೋ ಸಾಲು. ಹೀಬ್ರೂ ಚುಕ್ಕಿ ಪ್ರಕಾರ ಅವಳು ಅವನನ್ನ ಎಬ್ಬಿಸಿದ್ದು, ಸಿರಿಯಾಕ್ ಅನ್ನೋ ಹಳೇ ಭಾಷೆಯ ಅನುವಾದದಲ್ಲಿ ಅವನು ಅವಳನ್ನ. ಅವರು ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿ, "ಅವಳೇ ಇರ್ಬೇಕು" ಅಂದ್ರು.

ಆ ಸಾಲು ಇನ್ನೂ ಪೆನ್ಸಿಲ್ಲಲ್ಲೇ ಇದೆ, ಕೆಂಪು ಪೆನ್ಸಿಲ್. 6:12 ಮಾತ್ರ ಖಾಲಿ ಬಿಟ್ಟಿದೀನಿ, ಅಲ್ಲಿ ರಥ ಅನ್ನೋ ಒಂದು ಪದ ಬಿಟ್ರೆ ಹಿಡಿಯೋಕೆ ಏನೂ ಸಿಗ್ತಿಲ್ಲ.