ಬೋಳು ಕೊಂದೆಗೆ ನೀರು ಬಿಡಬೇಡಿ

ಮೊನ್ನೆ ನೀರ್ಚಾಲಿನಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. "ದೊಡ್ಡಮ್ಮಾ, ಅಂಗಳದ ಕೊಂದೆ ಮರ ಸತ್ತೇ ಹೋಯಿತು. ಒಂದು ಎಲೆಯೂ ಇಲ್ಲ, ಕಡಿಸಿಬಿಡಲಾ?" ಅಂತ ಕೇಳಿದಳು. ಒಂದು ಎಳೆ ಗೆಲ್ಲನ್ನು ಉಗುರಿನಿಂದ ಕೆರೆದು ನೋಡು ಅಂದೆ. ಕೆರೆದಳು. ಸಿಪ್ಪೆಯ ಅಡಿಯಲ್ಲಿ ಹಸಿರು ಹಸಿರಾಗಿತ್ತು. ಮರಕ್ಕೆ ಜೀವ ಇದೆ ಮಗಾ, ಕತ್ತಿ ಒಳಗಿಡು ಅಂದೆ.

ಘಟ್ಟದ ಮೇಲಿನವರು ಕಕ್ಕೆ ಅನ್ನುವ ಮರವೇ ನಮ್ಮ ಕೊಂದೆ. ಮಲಯಾಳದವರಿಗೆ ಕಣಿಕೊನ್ನ, ಕೇರಳದ ರಾಜ್ಯಪುಷ್ಪ. ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರಿಸಿ ಬೋಳಾಗುವುದು ಅದರ ಕ್ರಮ. ಆಮೇಲೆ ಆ ಬೋಳು ಗೆಲ್ಲುಗಳಿಂದಲೇ ಅಡಿ ಉದ್ದದ ಹಳದಿ ಗೊಂಚಲು ಇಳಿಯುತ್ತದೆ. ಏಪ್ರಿಲ್ ನಡುವಿನ ನಮ್ಮ ಹೊಸ ವರ್ಷ ಬಿಸುವಿನ ಬೆಳಗ್ಗೆ ಎದ್ದ ಕೂಡಲೇ ನೋಡಲು ಜೋಡಿಸಿ ಇಡುವುದೇ ಕಣಿ. ಅದಕ್ಕೆ ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ ಎಲ್ಲ ಇಟ್ಟರೂ ಕೊಂದೆ ಹೂ ಇಲ್ಲದೆ ಬಿಸು ಕಣಿ ಕಣಿ ಅನ್ನಿಸುವುದಿಲ್ಲ, ಅಲ್ವಾ?

ನೀರಿನ ವಿಷಯದಲ್ಲಿ ನಾನೂ ತಪ್ಪು ಮಾಡಿದ್ದೇನೆ. ಒಂದು ವರ್ಷ, ಪಾಪ ಒಣಗಿದೆ ಅಂತ, ತೋಟಕ್ಕೆ ಬಿಡುವ ಪೈಪನ್ನು ದಿನಾ ಸಂಜೆ ಅದರ ಬುಡಕ್ಕೂ ಇಟ್ಟೆ. ಮರ ತುಂಬಾ ಎಲೆ ಬಂತು. ಹೂ ಮಾತ್ರ ತುದಿಯಲ್ಲಿ ಎರಡೇ ಗೊಂಚಲು. ಆ ಬಿಸುವಿಗೆ ಪೇಟೆಯಿಂದ ಬಾಡಿದ ಹೂ ತಂದು ಕಣಿ ಇಡಬೇಕಾಯಿತು. ಇವತ್ತಿಗೂ ಅದು ಮನಸ್ಸಿನಲ್ಲಿದೆ. ಗಿಡ ನೆಟ್ಟು ಎರಡು ಬೇಸಗೆ ವಾರಕ್ಕೆರಡು ಸಲ ನೀರು ಕೊಡಿ, ಸಾಕು. ಬೇರು ಕೆಳಗಿಳಿದ ಮೇಲೆ ಡಿಸೆಂಬರಿನಿಂದ ಹೂ ಅರಳುವವರೆಗೆ ಅದನ್ನು ಸುಮ್ನೆ ಬಿಟ್ಟುಬಿಡಿ. ಒಣ ಹವೆ, ಬಿಸಿಲು ಚೆನ್ನಾಗಿ ತಾಗಿದರೇ ಅದು ಮೈತುಂಬಾ ಹೂ ಬಿಡುವುದು.

ಜಾಗವನ್ನೂ ನೋಡಿ ನೆಡಬೇಕು. ಇಡೀ ದಿನ ಬಿಸಿಲು ಬೀಳಬೇಕು. ಅಡಿಕೆ ತೋಟದ ಬದಿಯ ತಗ್ಗಿನಲ್ಲಿ ಬೇಡವೇ ಬೇಡ. ನಮ್ಮ ಮಳೆಗೆ ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಗುಡ್ಡೆಯ ಬದಿಯ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಅದಕ್ಕೆ ಒಗ್ಗುತ್ತದೆ, ಆದರೆ ಪಿಕ್ಕಾಸಿನಲ್ಲಿ ಎರಡು ಅಡಿ ಉದ್ದ, ಅಗಲ, ಆಳ ಬಿಡಿಸಿಕೊಡಿ. ಗುಂಡಿಗೆ ಎರಡು ಕೊಡ ನೀರು ಹೊಯ್ದು ನೋಡಿ. ಮರುದಿನವೂ ನೀರು ನಿಂತಿದ್ದರೆ ಬೇರೆ ಜಾಗ ಹುಡುಕಿ. ಮನೆಯ ಗೋಡೆಯಿಂದ ಹದಿನೈದು ಅಡಿ ದೂರ ಇರಲಿ. ಕರೆಂಟಿನ ತಂತಿಯ ಕೆಳಗೆ ನೆಟ್ಟರೆ ಮುಂದೆ ಲೈನಿನವರು ಬಂದು ತಲೆ ಸವರಿ ಹೋಗುತ್ತಾರೆ.

ಬೀಜದಿಂದ ಗಿಡ ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಬೋಳು ಮರದಲ್ಲಿ ಹಿಂದಿನ ವರ್ಷದ ಕಾಯಿ ಕಪ್ಪು ಕೋಲಿನ ಹಾಗೆ ನೇತಾಡುತ್ತಿರುತ್ತದೆ. ಒಂದೂವರೆ, ಎರಡು ಅಡಿ ಉದ್ದ. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಕಲ್ಲಿನ ಮೇಲಿಟ್ಟು ಒಡೆದರೆ ಒಳಗೆ ನಾಣ್ಯ ಜೋಡಿಸಿದ ಹಾಗೆ ಸಾಲು ಸಾಲು ಬಿಲ್ಲೆ. ಒಂದೊಂದು ಮನೆಯಲ್ಲೂ ಕಪ್ಪು ಅಂಟು, ಅದರೊಳಗೆ ಹೊಳೆಯುವ ಒಂದು ಕಂದು ಬೀಜ. ಅಂಟು ಸಿಹಿ ಇರುತ್ತದೆ ಅಂತ ಮಕ್ಕಳು ನೆಕ್ಕಲು ಹೋಗುತ್ತಾರೆ, ಬಿಡಬೇಡಿ. ಅದು ಭೇದಿಯ ಮದ್ದು.

ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಹಾಗೆಯೇ ಬಿತ್ತಿದರೆ ತಿಂಗಳುಗಟ್ಟಲೆ ಮಣ್ಣಲ್ಲೇ ಬಿದ್ದಿರುತ್ತದೆ. ಉಗುರು ಕತ್ತರಿಸುವ ಕಟ್ಟರಿನಿಂದ, ಮೊಳಕೆಯ ಕಣ್ಣಿರುವ ತುದಿ ಬಿಟ್ಟು, ಬದಿಯಲ್ಲಿ ಒಂದು ಚೂರು ಸಿಪ್ಪೆ ತೆಗೆಯಿರಿ. ಒಳಗಿನ ಬಿಳಿ ಕಂಡರೆ ಸಾಕು. ರಾತ್ರಿ ನೀರಲ್ಲಿ ಹಾಕಿ. ಬೆಳಗ್ಗೆ ನೋಡಿದರೆ ಬೀಜ ಉಬ್ಬಿ ಎರಡರಷ್ಟಾಗಿರುತ್ತದೆ. ಉಬ್ಬದೆ ಉಳಿದದ್ದಕ್ಕೆ ಇನ್ನೊಮ್ಮೆ ಕಟ್ಟರ್ ಹಾಕಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ (ಚೀಲದಲ್ಲಿ) ಮಣ್ಣು, ಹೊಯಿಗೆ (ಮರಳು), ಹಟ್ಟಿಗೊಬ್ಬರ ತುಂಬಿ ಅರ್ಧ ಇಂಚು ಆಳಕ್ಕೆ ಊರಿ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಬಿತ್ತಿ, ಮುಂದಿನ ವರ್ಷದ ಮೊದಲ ಮಳೆಗೆ ಗುಂಡಿಗೆ ಇಳಿಸಿದರೆ ಗಿಡಕ್ಕೆ ಒಳ್ಳೆ ಬಲ ಬಂದಿರುತ್ತದೆ. ಹೂವಿಗೆ ಐದಾರು ವರ್ಷ ಕಾಯಬೇಕು.

ಗೊಬ್ಬರ ಜಾಸ್ತಿ ಬೇಡ. ಮಳೆ ಸ್ವಲ್ಪ ಬಿಟ್ಟಾಗ ಒಂದು ಬುಟ್ಟಿ ಹಟ್ಟಿಗೊಬ್ಬರ, ಒಂದು ಬೊಗಸೆ ಬೂದಿ ಹಾಕಿ. ಎಳೆ ಎಲೆಗೆ ಹಸಿರು ಹುಳ ಬಂದರೆ ಮದ್ದು ಹೊಡೆಯಬೇಡಿ. ಅದು ತಿಳಿ ಹಳದಿ ಚಿಟ್ಟೆಯ ಮರಿ. ಸ್ವಲ್ಪ ಎಲೆ ತಿಂದು ಹೋಗುತ್ತದೆ, ಮರ ಮತ್ತೆ ಚಿಗುರುತ್ತದೆ.

ನನಗೆ ಹೊಟ್ಟೆ ಉರಿಯುವುದು ಬಿಸುವಿನ ಹಿಂದಿನ ದಿನ. ದಾರಿಯಲ್ಲಿ ಹೋಗುವವರು ಗೆಲ್ಲು ಹಿಡಿದು ಎಳೆದು ಮುರಿಯುತ್ತಾರೆ. ಸಿಪ್ಪೆ ಗೇಣುದ್ದ ಸೀಳಿ ಬರುತ್ತದೆ, ಮಳೆಗಾಲದಲ್ಲಿ ಆ ಗಾಯದಿಂದಲೇ ಕೊಳೆ ಹಿಡಿಯುತ್ತದೆ. ಹೂ ಬೇಕಾದರೆ ದೋಟಿಯ ತುದಿಗೆ ಹರಿತ ಕತ್ತಿ ಕಟ್ಟಿ, ಗೊಂಚಲಿನ ತೊಟ್ಟನ್ನು ಮಾತ್ರ ಕೊಯ್ಯಿರಿ. ಅಡ್ಡಾದಿಡ್ಡಿ ಬೆಳೆದ ಗೆಲ್ಲು ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಿ. ಮಳೆಗಾಲ ಕಳೆದ ಮೇಲೆ ಕತ್ತಿ ಹಾಕಿದರೆ ಬರುವ ವರ್ಷದ ಹೂವನ್ನೇ ಕಡಿದ ಹಾಗೆ. ಎರಡು ಮೂರು ಕಾಯಿ ಮಾತ್ರ ಮರದಲ್ಲೇ ಬಿಡಿ, ಬೀಜ ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ.