ಕಾಫಿ ಕಣದಲ್ಲಿ ನಮ್ಮ ನಾಟಕ ಕಟ್ಟುವುದು ಹೇಗೆ?

ಮೊದಲು ಸ್ಕ್ರಿಪ್ಟ್ ಹುಡುಕುವುದನ್ನು ಬಿಡಿ. ಕೊಡಗಿನಲ್ಲಿ ನಮ್ಮಂಥವರ ಹತ್ತಿರ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಜನರ ಹತ್ತಿರ, ಕಥೆಗೇನೂ ಬರವಿಲ್ಲ. ಹೊರಗೆ ತರಲು ಒಂದು ಕ್ರಮ ಬೇಕು, ಅಷ್ಟೇ. ಆ ಕ್ರಮ ನನಗೆ ಸಿಕ್ಕಿದ್ದು ಅಮೆರಿಕದ ದಕ್ಷಿಣದ ಕಪ್ಪು ಜನರ ರಂಗಭೂಮಿಯಿಂದ. 1963ರಲ್ಲಿ ಮಿಸಿಸಿಪ್ಪಿಯಲ್ಲಿ ಫ್ರೀ ಸದರ್ನ್ ಥಿಯೇಟರ್ ಶುರುವಾಯಿತು. ಚರ್ಚು, ಬಯಲು ಎನ್ನದೆ ಆಡುತ್ತಿದ್ದರು, ಮುಗಿದ ಮೇಲೆ ಜನರ ಜೊತೆ ಮಾತಿಗೆ ಕೂರುತ್ತಿದ್ದರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ಓನೀಲ್ ಆಮೇಲೆ ಬೆಳೆಸಿದ್ದೇ ಸ್ಟೋರಿ ಸರ್ಕಲ್.

ಸುತ್ತ ಕೂತು ಒಬ್ಬರಾದ ಮೇಲೆ ಒಬ್ಬರು ತಮ್ಮದೊಂದು ಕಥೆ ಹೇಳಬೇಕು. ಅಭಿಪ್ರಾಯ ಅಲ್ಲ, ಕಥೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಮನಸ್ಸಿಲ್ಲದವರು ಪಾಸ್ ಅನ್ನಬಹುದು. ನಾನು ಎಸ್ಟೇಟಿನಲ್ಲಿ ರೈಟರ್, ದಿನಾ ಹಾಜರಿ ಬರೆಯುವವನು. ಆದರೂ ಅಲ್ಲಿ ಪೆನ್ನು ಮುಟ್ಟುವುದಿಲ್ಲ. ಎದುರಿಗೆ ಯಾರಾದರೂ ಬರೆದುಕೊಳ್ಳುತ್ತಿದ್ದರೆ ಬಾಯಿ ಕಟ್ಟಿಹೋಗುತ್ತದೆ.

ಪ್ರಶ್ನೆ ಚಿಕ್ಕದಿರಲಿ. "ನಿಮ್ಮ ಕಷ್ಟ ಹೇಳಿ" ಅಂದರೆ ಎಲ್ಲರೂ ಭಾಷಣಕ್ಕೆ ಇಳಿಯುತ್ತಾರೆ. "ಮದುವೆ ಮನೇಲಿ ನೀವು ಎಲ್ಲಿದ್ರಿ?" ಅಂತ ಕೇಳಿ ನೋಡಿ. ಒಬ್ಬಳು ಅಣ್ಣನ ಸೊಂಟಕ್ಕೆ ಚೇಲೆ, ಅಂದರೆ ಕೊಡವ ಗಂಡಸರ ನಡುಪಟ್ಟಿ, ಕಟ್ಟಿದ್ದನ್ನು ಹೇಳಿದಳು. ಆ ಕೆಂಪು ರೇಷ್ಮೆಯನ್ನು ಮೊದಲು ಒಳಕೋಣೆಯಲ್ಲಿ ತಾನೇ ಕಟ್ಟಿಕೊಂಡು, ಕನ್ನಡಿ ನೋಡಿ, ಬಿಚ್ಚಿ, ಮಡಿಕೆ ಸರಿಮಾಡಿ ಹೊರಗೆ ತಂದಿದ್ದಳಂತೆ. ನಾಟಕದಲ್ಲಿ ಅದಕ್ಕೆ ಒಂದು ಮಾತೂ ಹಾಕಲಿಲ್ಲ, ಸುಮ್ನೆ ಕಟ್ಟಿ ಬಿಚ್ಚುವುದಷ್ಟೇ. (ಅವಳನ್ನು ಕೇಳಿಯೇ ಬರೆದಿದ್ದೇನೆ, ಗುರುತೂ ಬದಲಿಸಿದ್ದೇನೆ.) ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ಯಾರಿಗೆ ಯಾವುದು ಬರುತ್ತದೋ ಅದರಲ್ಲೇ ಹೇಳಲಿ.

ಜಾಸ್ತಿ ಎಚ್ಚರ ಬೇಕಾದದ್ದು ಗುರುತಿನ ವಿಷಯದಲ್ಲಿ. ನಮ್ಮೂರಲ್ಲಿ ಮನೆತನದ ಹೆಸರು ಕೇಳಿದರೆ ಸಾಕು, ಅಜ್ಜನ ಜಾತಕವೂ ಹೊರಬೀಳುತ್ತದೆ. ಹೆಸರು ಬದಲಿಸಿದರೆ ಸಾಲದು. ತಾಲ್ಲೂಕು, ಕೆಲಸ, ಓಡಿಸುವ ಗಾಡಿ, ಎಲ್ಲವನ್ನೂ ಬದಲಿಸಿ. ಕಥೆ ಒಬ್ಬರದಾದರೆ ಆಡುವವರು ಬೇರೆಯವರಿರಲಿ. ಇ. ಪ್ಯಾಟ್ರಿಕ್ ಜಾನ್ಸನ್ ಎಂಬ ಕಪ್ಪು ಗೇ ಕಲಾವಿದ ಅಮೆರಿಕದ ದಕ್ಷಿಣದ ಕಪ್ಪು ಗೇ ಗಂಡಸರ ಕಥೆಗಳನ್ನು ಕೇಳಿ ದಾಖಲಿಸಿ, ಆಮೇಲೆ ರಂಗದ ಮೇಲೆ ತಾವೊಬ್ಬರೇ ಅವರೆಲ್ಲರಾಗಿ ನಿಂತರು. ಆ ಉಪಾಯ ನಮಗೂ ಒಗ್ಗುತ್ತದೆ. ಕಥೆ ಕೊಟ್ಟವರು ಮುಂಚಿನ ದಿನ "ಬೇಡ" ಅಂದರೂ ತೆಗೆದುಬಿಡಿ. ಕಾರಣ ಕೇಳಬೇಡಿ.

ದೇವರಪುರದ ಕುಂಡೆ ಹಬ್ಬದಲ್ಲಿ ಗಂಡಸರು ಹೆಣ್ಣುವೇಷ ಹಾಕಿ, ಬೈಗುಳ ಹಾಡಿ ಕುಣಿಯುತ್ತಾರಲ್ವಾ, ಅದನ್ನೇ ತೆಗೆದುಕೊಳ್ಳೋಣ ಅಂತ ಹೊಸಬರು ಹೇಳುವುದುಂಟು. ನನಗೆ ಒಪ್ಪಿಗೆಯಿಲ್ಲ. ಅದು ಜೇನುಕುರುಬರ, ಯರವರ ಹಬ್ಬ. ಅವರೇ ಸುತ್ತಿನಲ್ಲಿ ಕೂತು ತಂದರೆ ಮಾತು ಬೇರೆ. ಒಂದು ದಿನದ ಸೀರೆಗೂ ದಿನಾ ಸೀರೆ ಉಟ್ಟು ಬಸ್ ಹತ್ತುವವಳ ಪಾಡಿಗೂ ಅಂತರವೂ ಇದೆ.

ಮಳೆಗಾಲ ಬೇಡ, ಶೀಟಿನ ಕೆಳಗೆ ಮಾತೇ ಕೇಳುವುದಿಲ್ಲ. ಕೊಯ್ಲಿನಲ್ಲಿ ಯಾರಿಗೂ ಪುರಸೊತ್ತಿಲ್ಲ, ಕಣದ ತುಂಬ ಕಾಫಿ. ಏಪ್ರಿಲ್ ಒಳ್ಳೆಯದು. ಕಾಫಿ ಹೂವರಳಿಸುವ ಹೂಮಳೆಯೋ ಗುಡುಗುಮಳೆಯೋ ಬರಬಹುದು, ಟಾರ್ಪಾಲ್ ಇಟ್ಟುಕೊಳ್ಳಿ. ಕಣದ ಯಜಮಾನರಿಗೆ ನಾಟಕ ಯಾರದು, ಯಾವುದರ ಬಗ್ಗೆ ಅಂತ ನೇರವಾಗಿ ಹೇಳಿ ಒಪ್ಪಿಗೆ ತಗೊಳ್ಳಿ. ಪೋಸ್ಟರ್ ಬೇಡ, ಬಾಯಿಮಾತಲ್ಲೇ ಕರೆಯಿರಿ. ಫೋನುಗಳೆಲ್ಲ ಬಾಗಿಲಲ್ಲೇ ಒಂದು ಬುಟ್ಟಿಗೆ. ಜನರ ಬೆನ್ನಿಗೆ ಬಿಸಿಲಿರುವಂತೆ ಕೂರಿಸಿ, ಆಡುವವರ ಮುಖಕ್ಕೆ ಬೆಳಕು ಪುಕ್ಕಟೆ.

ಮುಗಿದ ಮೇಲೆ ಬೆಲ್ಲದ ಕಾಫಿ ಕೊಟ್ಟು ಸುತ್ತ ಕೂರಿಸಿ. "ಹೇಗಿತ್ತು?" ಅಂತ ಕೇಳಬೇಡಿ, "ಏನು ನೆನಪಾಯ್ತು?" ಅನ್ನಿ. ಸಿದ್ದಾಪುರದ ಕಡೆ ಆನೆ ಕಾಟ, ಹಾಗಾಗಿ ನಾಲ್ಕಕ್ಕೇ ಶುರುಮಾಡಿ ಕತ್ತಲಿಗೆ ಮುಂಚೆ ಎಲ್ಲರನ್ನೂ ಮನೆ ಮುಟ್ಟಿಸಬೇಕು. ಜೀಪಿನ ಬಾಡಿಗೆ ಮೊದಲೇ ಕೊಟ್ಟುಬಿಡಿ. ಇಲ್ಲದಿದ್ದರೆ ಡ್ರೈವರ್ ಅರ್ಧ ನಾಟಕಕ್ಕೇ ಹಾರ್ನ್ ಹೊಡೆಯುತ್ತಾನೆ.