ದಿನಕ್ಕೆ ಎಷ್ಟು ಜಿಬಿ ಲಾಗ್? ಬಾಯಿಲೆಕ್ಕ ಬೇಡ, ಅಳೆದು ನೋಡಿ

ಎಲ್ಲ ಮೆಷಿನ್‌ಗಳ ಲಾಗ್ (ಏನೇನಾಯಿತೆಂದು ಅವು ಬರೆದಿಡುವ ದಾಖಲೆ) ಒಂದೆಡೆ ಸೇರಿಸಿ ಹುಡುಕಲು ಕೊಡುವ ಸ್ಪ್ಲಂಕ್‌ನಂಥ ಭದ್ರತಾ ಸಾಫ್ಟ್‌ವೇರನ್ನು ನಮ್ಮದೇ ಸರ್ವರ್‌ಗಳಲ್ಲಿ ಹಾಕಿಕೊಳ್ಳೋಣ ಎಂದು ಹೊರಟರೆ ಎದುರಾಗುವ ಮೊದಲ ಪ್ರಶ್ನೆ: ದಿನಕ್ಕೆ ಎಷ್ಟು ಜಿಬಿ? ಬಹಳ ಜನ ‘ಒಂದು ನೂರು ಇರಬಹುದು’ ಅಂದುಬಿಡುತ್ತಾರೆ. ಆ ನೂರನ್ನೇ ನಂಬಿ ದಿನದ ಜಿಬಿ ಲೆಕ್ಕದ ಲೈಸೆನ್ಸು, ಡಿಸ್ಕು ಎಲ್ಲ ಬರುತ್ತದೆ. ಆಮೇಲೆ ಪರದಾಟ.

ಮೊದಲು ಲಾಗ್ ಎಲ್ಲಿಂದೆಲ್ಲ ಬರುತ್ತದೆ ಎಂದು ಪಟ್ಟಿ ಮಾಡಿ. ಎಷ್ಟು ಮೆಷಿನ್ ಇವೆ ಅನ್ನುವುದಕ್ಕಿಂತ ಯಾವುದು ಎಷ್ಟು ಗಲಾಟೆ ಮಾಡುತ್ತದೆ ಅನ್ನುವುದು ಮುಖ್ಯ. ನೆಟ್‌ವರ್ಕಿನ ಬಾಗಿಲು ಕಾಯುವ ಒಂದು ಫೈರ್‌ವಾಲ್ ಹತ್ತಾರು ಲಿನಕ್ಸ್ ಸರ್ವರ್‌ಗಿಂತ ಜಾಸ್ತಿ ಮಾತಾಡಬಹುದು.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಇವೆಂಟ್ (ಲಾಗ್‌ನ ಒಂದೊಂದು ನಮೂದು), ಒಂದೊಂದು ಎಷ್ಟು ಬೈಟ್, ಅದನ್ನು 86,400 ಸೆಕೆಂಡಿಗೆ ಗುಣಿಸಿ. ಸೆಕೆಂಡಿಗೆ 2,000 ಇವೆಂಟ್, ತಲಾ 500 ಬೈಟ್ ಎಂದರೆ ದಿನಕ್ಕೆ ಸುಮಾರು 86 ಜಿಬಿ. ಆದರೆ ಆ 2,000 ಎಲ್ಲಿಂದ ಬಂತು? ಅದಕ್ಕೇ ಒಂದು ವಾರ ಪೂರ್ತಿ ಅಳೆಯಿರಿ, ಸೋಮವಾರ ಬೆಳಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುವ ಹೊತ್ತು, ರಾತ್ರಿ ಬ್ಯಾಕಪ್ ಓಡುವ ಹೊತ್ತು ಎರಡೂ ಅದರಲ್ಲಿ ಬರಬೇಕು. ಭಾನುವಾರ ಅಳೆದು ಸರಾಸರಿ ಬರೆದರೆ ಸುಮ್ನೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ಸ್ಪ್ಲಂಕ್ ಲೈಸೆನ್ಸ್ ಎಣಿಸುವುದು ಕಂಪ್ರೆಸ್ ಆಗುವ ಮೊದಲಿನ ಗಾತ್ರವನ್ನು, ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ದಿನದ ಮಿತಿ ಮೀರಿದರೆ ಒಂದು ಎಚ್ಚರಿಕೆ. ದಿನಕ್ಕೆ 100 ಜಿಬಿಗಿಂತ ಕಡಿಮೆ ಲೈಸೆನ್ಸಿನಲ್ಲಿ 60 ದಿನದೊಳಗೆ 45 ಎಚ್ಚರಿಕೆ ಬಂದರೆ ಸರ್ಚ್ ನಿಲ್ಲುತ್ತದೆ. ಡೇಟಾ ಮಾತ್ರ ಒಳಗೆ ಬರುತ್ತಲೇ ಇರುತ್ತದೆ. ನಾನಿದ್ದ ಒಂದು ಕಡೆ ಯಾರೋ ಫೈರ್‌ವಾಲ್‌ನಲ್ಲಿ ಡೀಬಗ್ (ಸಣ್ಣಪುಟ್ಟದ್ದನ್ನೂ ಬರೆಯುವ ವಿಧಾನ) ಆನ್ ಮಾಡಿ ಮನೆಗೆ ಹೋಗಿದ್ದರು, ಮರುದಿನ ಮಧ್ಯಾಹ್ನದ ಊಟಕ್ಕೆ ಮೊದಲೇ ಆ ದಿನದ ಕೋಟಾ ಖಾಲಿ. ಹಾಗಾಗಿ ಅಳೆದದ್ದರ ಮೇಲೆ ಕಾಲು ಭಾಗವಾದರೂ ಜಾಸ್ತಿ ಇಟ್ಟುಕೊಳ್ಳಿ.

ಇನ್ನು ಕಸ. ವಿಂಡೋಸ್‌ನ 4624, ಅಂದರೆ ಲಾಗಿನ್ ಇವೆಂಟ್, ಒಮ್ಮೆ ತೆರೆದು ನೋಡಿ. ಯಾರು, ಎಲ್ಲಿಂದ ಎಂಬ ವಿವರದ ಕೆಳಗೆ ಪ್ರತಿ ಸಲವೂ ಅದೇ ಉದ್ದನೆಯ ವಿವರಣೆ. ಆ ಬಾಲ ಕತ್ತರಿಸಿದರೆ ಯಾರಿಗೂ ನಷ್ಟವಿಲ್ಲ. 5156 ಇನ್ನೂ ಬಾಯಿಬಡುಕ, ಅನುಮತಿ ಸಿಕ್ಕ ಪ್ರತಿ ಸಂಪರ್ಕಕ್ಕೂ ಒಂದು ಸಾಲು. ಫೈರ್‌ವಾಲ್ ಲಾಗ್‌ನಲ್ಲೇ ಅದು ಸಿಗುವುದಾದರೆ ಎರಡೆರಡು ಸಲ ದುಡ್ಡು ಯಾಕೆ ಕೊಡಬೇಕು, ಅಲ್ವಾ? ಇಂಡೆಕ್ಸ್ ಆಗುವ (ಹುಡುಕಿದರೆ ಸಿಗುವಂತೆ ಸ್ಪ್ಲಂಕ್ ಜೋಡಿಸಿಡುವ) ಮೊದಲೇ ಬಿಸಾಡಿದ್ದು ಲೈಸೆನ್ಸ್ ಲೆಕ್ಕಕ್ಕೆ ಬರುವುದಿಲ್ಲ.

ಡಿಸ್ಕ್ ಲೆಕ್ಕ ಬೇರೆ. ಒಳಬಂದ ಡೇಟಾದ ಸುಮಾರು ಅರ್ಧ ಡಿಸ್ಕ್ ಮೇಲೆ ಕೂರುತ್ತದೆ ಎಂದಿಟ್ಟುಕೊಳ್ಳಿ: ಮೂಲ ಲಾಗ್ ಕಂಪ್ರೆಸ್ ಆಗಿ 15%, ಹುಡುಕಾಟದ ಇಂಡೆಕ್ಸ್ 35%. ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು. ದಿನಕ್ಕೆ 100 ಜಿಬಿ ಆದರೆ 9 ಟಿಬಿ, ಕ್ಲಸ್ಟರ್‌ನಲ್ಲಿ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿನಲ್ಲಿ) ಎರಡು ಪೂರ್ತಿ ಪ್ರತಿ ಇಟ್ಟರೆ 18. ಪ್ರತಿಗಳಿಗೆ ಲೈಸೆನ್ಸ್ ಬೇಡ, ಡಿಸ್ಕ್ ಮಾತ್ರ ಬೇಕು.

ಕೊನೆಗೆ ಒಂದು ಸೆಟ್ಟಿಂಗ್. ಸ್ಪ್ಲಂಕ್‌ನಲ್ಲಿ ಪ್ರತಿ ಇಂಡೆಕ್ಸಿಗೂ (ಇಲ್ಲಿ ಅದರರ್ಥ ಲಾಗ್ ತುಂಬಿಡುವ ಉಗ್ರಾಣ) ಗಾತ್ರದ ಮಿತಿ ಇದೆ, ನಾವು ಮುಟ್ಟದಿದ್ದರೆ ಅದು ಸುಮಾರು 500 ಜಿಬಿ. 180 ದಿನ ಎಂದು ಬರೆದಿದ್ದರೂ ಗಾತ್ರ ಮೊದಲು ತುಂಬಿದರೆ ಹಳೆಯದು ಅಳಿಸಿ ಹೋಗುತ್ತದೆ. ದಿನಕ್ಕೆ 50 ಜಿಬಿ ಡಿಸ್ಕ್ ತಿನ್ನುವ ಇಂಡೆಕ್ಸ್ ಒಂದೇ ಸರ್ವರ್‌ನಲ್ಲಿದ್ದರೆ ಹತ್ತೇ ದಿನ. ಎರಡನೇ ವಾರ ಮೊದಲ ದಿನದ ಲಾಗ್ ಹುಡುಕಿ ನೋಡಿ, ಸಿಗದಿದ್ದರೆ ತಕ್ಷಣ ಆ ಮಿತಿ ಏರಿಸಿ.